ಸಣ್ಣ ಕಾರ್ಖಾನೆಯಲ್ಲಿ ಸುರಕ್ಷತಾ ವ್ಯವಸ್ಥೆ: ಎಲ್ಲಿಂದ ಆರಂಭಿಸಬೇಕು, ಹೇಗೆ ಕಟ್ಟಬೇಕು

ಇಪ್ಪತ್ತು ಮೂವತ್ತು ಮಂದಿ ದುಡಿಯುವ ಕಾರ್ಖಾನೆಗಳ ಮಾಲೀಕರೂ ಸೂಪರ್‌ವೈಸರ್‌ಗಳೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಜಾಬ್ ವರ್ಕ್ ಕೊಡುವ ದೊಡ್ಡ ಕಂಪನಿಯವರು ‘ನಿಮ್ಮಲ್ಲಿ ಸೇಫ್ಟಿ ಸಿಸ್ಟಂ ಇದೆಯೇ’ ಎಂದು ವಿಚಾರಿಸುತ್ತಾರೆ, ಅದಕ್ಕೆ ಯಾವ ಯಾವ ಫೈಲ್ ಸಿದ್ಧಪಡಿಸಬೇಕು? ಪ್ರಶ್ನೆಯಲ್ಲಿಯೇ ಒಂದು ತಪ್ಪು ಅಡಗಿದೆ. ಸುರಕ್ಷತಾ ನಿರ್ವಹಣಾ ವ್ಯವಸ್ಥೆಯೆಂದರೆ ಯಾವ ಅಪಾಯವನ್ನು ಯಾರು, ಯಾವಾಗ, ಹೇಗೆ ತಡೆಯಬೇಕು, ತಡೆಯದಿದ್ದರೆ ಯಾರಿಗೆ ತಿಳಿಯಬೇಕು ಎಂಬುದರ ಏರ್ಪಾಡು. ಆ ಏರ್ಪಾಡು ಯಂತ್ರದ ಬಳಿ ಮೊದಲು ನಡೆಯಬೇಕು, ಫೈಲ್ ಅದನ್ನು ಹಿಂಬಾಲಿಸಬೇಕು. ಇಲ್ಲಿ ಅದನ್ನು ಹಂತಹಂತವಾಗಿ ವಿವರಿಸಿದ್ದೇನೆ. ಉದಾಹರಣೆಗೆ ಬೆಂಗಳೂರಿನ ಪೀಣ್ಯದಂತಹ ಪ್ರದೇಶಗಳಲ್ಲಿ ಬೀದಿಗೊಂದರಂತೆ ಕಾಣುವ ಪ್ರೆಸ್ ಶಾಪನ್ನು, ಎಂದರೆ ಲೋಹದ ತಗಡನ್ನು ಪವರ್ ಪ್ರೆಸ್‌ನಲ್ಲಿ ಕತ್ತರಿಸಿ, ಬಗ್ಗಿಸಿ ಬಿಡಿಭಾಗ ಮಾಡುವ ಘಟಕವನ್ನು ಇಟ್ಟುಕೊಂಡಿದ್ದೇನೆ. ನಿಮ್ಮದು ಗಾರ್ಮೆಂಟ್ಸ್ ಆಗಿರಲಿ, ಅಕ್ಕಿ ಗಿರಣಿಯಾಗಿರಲಿ, ಹಂತಗಳು ಬದಲಾಗುವುದಿಲ್ಲ, ಯಂತ್ರಗಳು ಮಾತ್ರ ಬದಲಾಗುತ್ತವೆ.

ಆರಂಭಕ್ಕೆ ಮುನ್ನ ಏನೇನು ಬೇಕು

ಕಾನೂನಿನಲ್ಲಿ ನೀವು ಎಲ್ಲಿ ನಿಲ್ಲುತ್ತೀರಿ ಎಂಬುದನ್ನು ಮೊದಲು ತಿಳಿಯಿರಿ. 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ ವಿದ್ಯುತ್ ಬಳಸುವ ಕಡೆ 10, ಬಳಸದ ಕಡೆ 20 ಕಾರ್ಮಿಕರಿದ್ದರೆ ಅದು ಕಾರ್ಖಾನೆ ಎನಿಸಿಕೊಳ್ಳುತ್ತಿತ್ತು. ಆ ಕಾಯ್ದೆಯ ಸ್ಥಾನಕ್ಕೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದ್ದು, ಅದರಲ್ಲಿ ಈ ಮಿತಿಗಳು ಕ್ರಮವಾಗಿ 20 ಮತ್ತು 40 ಆಗಿವೆ. ಪರವಾನಗಿ, ನೋಂದಣಿ, ನಮೂನೆಗಳ ಬಗ್ಗೆ ನಿಮ್ಮ ವ್ಯಾಪ್ತಿಯ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಕಚೇರಿಯಲ್ಲಿಯೇ ಲಿಖಿತವಾಗಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಆದರೆ ‘ನಮ್ಮಲ್ಲಿ ಹದಿನೆಂಟೇ ಜನ, ನಮಗೆ ಇದೆಲ್ಲ ಅನ್ವಯಿಸುವುದಿಲ್ಲ’ ಎಂಬ ಲೆಕ್ಕಾಚಾರಕ್ಕೆ ಇಳಿಯಬೇಡಿ. ಹಾಜರಿ ಪುಸ್ತಕ ನೋಡಿ ಬೆರಳು ಕತ್ತರಿಸುವ ಪ್ರೆಸ್ಸನ್ನು ಇನ್ನೂ ಯಾರೂ ತಯಾರಿಸಿಲ್ಲ.

ಬೇಕಾದ ವಸ್ತುಗಳು ಕಡಿಮೆ: ಕಾರ್ಖಾನೆಯ ನೆಲನಕ್ಷೆಯ ಒಂದು ಪ್ರತಿ, ಎಲ್ಲ ಯಂತ್ರಗಳ ಪಟ್ಟಿ, ಬಳಸುವ ರಾಸಾಯನಿಕಗಳ ಪಟ್ಟಿ, ಗುತ್ತಿಗೆಯವರೂ ಸೇರಿದಂತೆ ಕೆಲಸಗಾರರೆಲ್ಲರ ಪಟ್ಟಿ, ಮತ್ತು ಒಂದು ನೋಟ್‌ಬುಕ್. ಸಮಯ ಮಾತ್ರ ಹೆಚ್ಚು ಬೇಕು. ಮೊದಲ ಸುತ್ತು ಮುಗಿಯಲು ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ ಎಂದುಕೊಂಡೇ ಹೊರಡಿ.

ಒಂದು ಎಚ್ಚರಿಕೆ. ಐಎಸ್‌ಒ 45001 ಎಂಬುದು 2018ರಲ್ಲಿ ಪ್ರಕಟವಾದ, ಸುರಕ್ಷತಾ ನಿರ್ವಹಣೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನದಂಡ. ಅದರ ಪ್ರಮಾಣಪತ್ರವನ್ನು ಮೊದಲ ಗುರಿಯಾಗಿಸಿಕೊಂಡರೆ ಯಾರೋ ಸಲಹೆಗಾರರು ಸಿದ್ಧ ಕೈಪಿಡಿಯೊಂದನ್ನು ತಂದುಕೊಡುತ್ತಾರೆ. ಹಾಗೆ ಬಂದ ಕೈಪಿಡಿಯ ಹನ್ನೊಂದನೆಯ ಪುಟದಲ್ಲಿ ಬೇರೊಂದು ಕಂಪನಿಯ ಹೆಸರು ಅಳಿಸದೆ ಉಳಿದಿದ್ದುದನ್ನು ನಾನೇ ಕಂಡಿದ್ದೇನೆ. ಪ್ರಮಾಣಪತ್ರ ಕೊನೆಗೆ ಬರಲಿ.

ಹಂತ 1: ಮಾಲೀಕರ ಹೊಣೆಯನ್ನು ಬರೆದಿಡಿ

ಕಾನೂನಿನ ಭಾಷೆಯಲ್ಲಿ ‘ಅಧಿಭೋಗದಾರ’ ಎಂದರೆ ಕಾರ್ಖಾನೆಯ ಮೇಲೆ ಅಂತಿಮ ಹಿಡಿತವಿರುವ ವ್ಯಕ್ತಿ, ಸಣ್ಣ ಘಟಕಗಳಲ್ಲಿ ಮಾಲೀಕರೇ. 1984ರ ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ ಅಧಿಭೋಗದಾರನ ಸಾಮಾನ್ಯ ಕರ್ತವ್ಯಗಳನ್ನು ಪ್ರತ್ಯೇಕ ಕಲಮಿನಲ್ಲಿ ಸೇರಿಸಲಾಯಿತು. ಹೊಸ ಸಂಹಿತೆಯೂ ಆ ಹೊಣೆಯನ್ನು ಮಾಲೀಕರ ಮೇಲೆಯೇ ಇರಿಸಿದೆ. ಸೂಪರ್‌ವೈಸರ್‌ಗೆ ಕೆಲಸ ಒಪ್ಪಿಸಬಹುದು, ಹೊಣೆಯನ್ನು ಒಪ್ಪಿಸಿ ಕೈತೊಳೆದುಕೊಳ್ಳಲಾಗದು.

ಸುರಕ್ಷತಾ ನೀತಿಯನ್ನು ಒಂದೇ ಪುಟದಲ್ಲಿ ಬರೆಯಿರಿ. ಅದರಲ್ಲಿ ಮೂರು ಮಾತುಗಳು ಇದ್ದೇ ತೀರಬೇಕು. ಮೊದಲನೆಯದು, ಪ್ರತಿ ವಿಭಾಗದಲ್ಲಿ ಸುರಕ್ಷತೆಯ ಹೊಣೆ ಯಾರದು ಎಂಬುದು, ಹುದ್ದೆಯ ಜೊತೆ ಹೆಸರೂ ಸೇರಿ. ಎರಡನೆಯದು, ವರ್ಷಕ್ಕೆ ಇದಕ್ಕಾಗಿ ಎತ್ತಿಟ್ಟ ಹಣ. ಮೂರನೆಯದು, ಅಪಾಯ ಕಂಡಾಗ ಯಂತ್ರವನ್ನು ನಿಲ್ಲಿಸುವ ಅಧಿಕಾರ ಪ್ರತಿಯೊಬ್ಬ ಕೆಲಸಗಾರನಿಗೂ ಇದೆ, ಹಾಗೆ ನಿಲ್ಲಿಸಿದ್ದಕ್ಕೆ ಕೂಲಿ ಕಡಿತವಾಗುವುದಿಲ್ಲ ಎಂಬುದು. ಈ ಮೂರನೆಯ ಮಾತನ್ನು ಬರೆಯುವಾಗ ಬಹಳಷ್ಟು ಮಾಲೀಕರ ಪೆನ್ನು ತಡವರಿಸುತ್ತದೆ. ತಡವರಿಸಿದರೂ ಬರೆಯಿರಿ, ಏಕೆಂದರೆ ಉಳಿದ ಹಂತಗಳೆಲ್ಲ ಇದರ ಮೇಲೆ ನಿಂತಿವೆ.

ಸಾಮಾನ್ಯ ತಪ್ಪು: ನೀತಿಯನ್ನು ಇಂಗ್ಲಿಷಿನಲ್ಲಿ ಬರೆಸಿ, ಕಟ್ಟು ಹಾಕಿಸಿ, ಮಾಲೀಕರ ಕೋಣೆಯಲ್ಲಿ ತೂಗುಹಾಕುವುದು. ಅದು ಹಾಜರಿ ಪಂಚ್ ಮಾಡುವ ಯಂತ್ರದ ಪಕ್ಕದಲ್ಲಿ, ಕನ್ನಡದಲ್ಲಿರಲಿ. ಒಡಿಶಾ, ಬಿಹಾರ, ಅಸ್ಸಾಂ ಕಡೆಯ ಹುಡುಗರು ಹೆಚ್ಚಿದ್ದರೆ ಹಿಂದಿಯಲ್ಲಿಯೂ ಇರಲಿ.

ಹಂತ 2: ಕೆಲಸಗಾರರನ್ನು ಕೂಡಿಸಿಕೊಳ್ಳಿ

ಸುರಕ್ಷತಾ ಸಮಿತಿ ಕಾನೂನಿನ ಪ್ರಕಾರ ಕಡ್ಡಾಯವಿರಲಿ, ಇಲ್ಲದಿರಲಿ, ಒಂದು ಸಣ್ಣ ಸಮಿತಿ ಮಾಡಿಕೊಳ್ಳಿ. ಮೂವತ್ತು ಮಂದಿಯ ಘಟಕಕ್ಕೆ ನಾಲ್ವರು ಸಾಕು: ಮಾಲೀಕರು ಅಥವಾ ಮ್ಯಾನೇಜರ್, ಒಬ್ಬ ಸೂಪರ್‌ವೈಸರ್, ಕೆಲಸಗಾರರ ಕಡೆಯಿಂದ ಇಬ್ಬರು. ಆ ಇಬ್ಬರನ್ನು ಕೆಲಸಗಾರರೇ ಆರಿಸಲಿ, ಅವರಲ್ಲಿ ಒಬ್ಬರು ಹೆಲ್ಪರ್ ಆಗಿರಲಿ. ಡೈಯನ್ನು, ಎಂದರೆ ತಗಡಿಗೆ ಆಕಾರ ಕೊಡುವ ಅಚ್ಚನ್ನು, ಸೆಟ್ ಮಾಡುವ ಹಿರಿಯ ಫಿಟರ್‌ಗೆ ಯಂತ್ರದ ಗುಣ ಗೊತ್ತಿರುತ್ತದೆ, ಆದರೆ ಸ್ಕ್ರ್ಯಾಪ್ ಬಳಿಯಲು ಯಂತ್ರದ ಹಿಂದೆ ನುಸುಳುವವನು ಹೆಲ್ಪರ್. ಅಲ್ಲಿ ಏನಿದೆ ಎಂದು ಅವನಿಗೆ ಮಾತ್ರ ಗೊತ್ತು. ಮಹಿಳೆಯರು ದುಡಿಯುತ್ತಿದ್ದರೆ ಅವರಲ್ಲೊಬ್ಬರು ಇರಲೇಬೇಕು.

ತಿಂಗಳಿಗೊಮ್ಮೆ, ಕೆಲಸದ ವೇಳೆಯಲ್ಲಿಯೇ, ಅರ್ಧ ಗಂಟೆ ಸೇರಿ. ಶಿಫ್ಟ್ ಮುಗಿದ ಮೇಲೆ ಸೇರಿಸಿದರೆ ಎಲ್ಲರ ಕಣ್ಣೂ ಬಸ್ಸಿನ ಮೇಲೆ ಇರುತ್ತದೆ.

ಹಂತ 3: ಅಪಾಯಗಳನ್ನು ಗುರುತಿಸಿ

ಎರಡು ಪದಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ‘ಅಪಾಯಮೂಲ’ ಎಂದರೆ ಕೆಡುಕು ಮಾಡಬಲ್ಲ ವಸ್ತು ಅಥವಾ ಸ್ಥಿತಿ, ಉದಾಹರಣೆಗೆ ಕೆಳಗಿಳಿಯುವ ಡೈ. ‘ಅಪಾಯದ ಮಟ್ಟ’ ಎಂದರೆ ಆ ಮೂಲದಿಂದ ಕೆಡುಕಾಗುವ ಸಾಧ್ಯತೆ ಎಷ್ಟು, ಹಾಗೆ ಆದಲ್ಲಿ ಅದು ಎಷ್ಟು ಘೋರ ಎಂಬುದರ ಅಂದಾಜು. ಮೊದಲನೆಯದನ್ನು ಕಣ್ಣಿನಿಂದ ಕಾಣಬೇಕು, ಎರಡನೆಯದನ್ನು ಕೂತು ತೂಗಬೇಕು.

ಒಂದು ಯಂತ್ರವನ್ನು ಆರಿಸಿಕೊಳ್ಳಿ. ಇಡೀ ಕಾರ್ಖಾನೆಯನ್ನು ಒಂದೇ ದಿನ ಸುತ್ತಿದರೆ ಏನೂ ಕಾಣುವುದಿಲ್ಲ. 50 ಟನ್ನಿನ ಪ್ರೆಸ್ಸಿನ ಎದುರು ಇಪ್ಪತ್ತು ನಿಮಿಷ, ಏನೂ ಮಾತಾಡದೆ ನಿಂತು ನೋಡಿ. ಆಪರೇಟರ್ ಎಡಗೈಯಲ್ಲಿ ತಗಡಿನ ತುಂಡನ್ನು ಡೈ ಮೇಲಿಡುತ್ತಾನೆ, ಕಾಲಿನಿಂದ ಪೆಡಲ್ ಒತ್ತುತ್ತಾನೆ, ಸ್ಟ್ರೋಕ್ ಬೀಳುತ್ತದೆ (ಮೇಲಿನ ಡೈ ಒಮ್ಮೆ ಇಳಿದು ಏರುತ್ತದೆ), ಬಲಗೈಯಲ್ಲಿ ಸಿದ್ಧ ತುಂಡನ್ನು ತೆಗೆಯುತ್ತಾನೆ. ಹತ್ತನೆಯ ತುಂಡು ಡೈಗೆ ಅಂಟಿಕೊಂಡಾಗ ಬೆರಳು ಒಳಗೆ ಹಾಕಿ ಕೀಳುತ್ತಾನೆ, ಕಾಲು ಮಾತ್ರ ಪೆಡಲ್ ಮೇಲೆಯೇ ಇರುತ್ತದೆ. ಪಕ್ಕದಲ್ಲಿ ಯಾರಾದರೂ ಕರೆದಾಗ ಮುಖ ತಿರುಗಿಸುತ್ತಾನೆ, ಕೈಯೂ ಕಾಲೂ ತಮ್ಮ ಪಾಡಿಗೆ ಲಯದಲ್ಲಿ ಮುಂದುವರಿಯುತ್ತವೆ. ಈಗ ನೋಟ್‌ಬುಕ್‌ನಲ್ಲಿ ಬರೆಯಿರಿ: ಕೈ ಡೈ ಒಳಗೆ ಹೋಗುತ್ತದೆ, ಪೆಡಲ್‌ಗೆ ಮುಚ್ಚಳವಿಲ್ಲ, ಮೇಲಿಂದ ತುಂಡು ಬಿದ್ದರೂ ಸ್ಟ್ರೋಕ್ ಬೀಳುತ್ತದೆ, ನೆಲದ ಮೇಲೆ ಎಣ್ಣೆಯಿದೆ, ಫ್ಲೈವೀಲಿನ, ಎಂದರೆ ಪ್ರೆಸ್ಸಿಗೆ ಬಲ ಕೊಡುವ ಭಾರದ ಚಕ್ರದ, ಹಿಂಬದಿಯ ಕವಚ ಕಳಚಿ ಗೋಡೆಗೆ ಒರಗಿಸಿದೆ.

ನಿತ್ಯದ ಕೆಲಸವನ್ನಷ್ಟೇ ನೋಡಿ ಬಿಡಬೇಡಿ. ಡೈ ಬದಲಾಯಿಸುವಾಗ, ಯಂತ್ರ ಕೆಟ್ಟಾಗ, ಕರೆಂಟ್ ಹೋಗಿ ಬಂದಾಗ, ರಾತ್ರಿ ಪಾಳಿಯಲ್ಲಿ ಸೂಪರ್‌ವೈಸರ್ ಇಲ್ಲದಾಗ ಏನಾಗುತ್ತದೆ ಎಂದೂ ವಿಚಾರಿಸಿ. ಎದ್ದು ಕಾಣದ ಅಪಾಯಗಳೂ ಇವೆ. ಒಂದು ತೋಳಿನ ದೂರದಲ್ಲಿರುವವನ ಜೊತೆ ಕೂಗಿ ಮಾತನಾಡಬೇಕಾಗಿದ್ದರೆ ಸದ್ದು ಸುಮಾರು 85 ಡೆಸಿಬೆಲ್ ದಾಟಿದೆ ಎಂದು ತಿಳಿಯಬಹುದು, ಮಾಪನ ಮಾಡಿಸಿ. ತುಂಡುಗಳ ಜಿಡ್ಡು ತೊಳೆಯಲು ಥಿನ್ನರ್ ಅಥವಾ ಸೀಮೆಎಣ್ಣೆ ಬಳಸುತ್ತಿದ್ದರೆ ಅದರ ‘ಸುರಕ್ಷತಾ ಮಾಹಿತಿ ಪತ್ರ’ವನ್ನು, ಎಂದರೆ ಆ ರಾಸಾಯನಿಕದ ಗುಣ, ಅಪಾಯ, ಪ್ರಥಮ ಚಿಕಿತ್ಸೆಗಳನ್ನು 16 ಭಾಗಗಳಲ್ಲಿ ವಿವರಿಸುವ ಕಾಗದವನ್ನು ಮಾರಿದವರಿಂದ ಕೇಳಿ ಪಡೆಯಿರಿ. ಕುಡಿಯುವ ನೀರಿನ ಬಾಟಲಿಯಲ್ಲಿ ಥಿನ್ನರ್ ತುಂಬಿಟ್ಟಿರುವುದು ಕಂಡರೆ ಪಟ್ಟಿಗೆ ಸೇರಿಸುವವರೆಗೂ ಕಾಯಬೇಡಿ, ಆಗಲೇ ತೆಗೆಸಿ.

ಅಪಾಯದ ಮಟ್ಟ ಅಳೆಯಲು ಐದಕ್ಕೆ ಐದರ ಕೋಷ್ಟಕ ಎಲ್ಲೆಡೆ ಬಳಕೆಯಲ್ಲಿದೆ: ಸಾಧ್ಯತೆಗೆ 1ರಿಂದ 5, ಘೋರತೆಗೆ 1ರಿಂದ 5, ಎರಡನ್ನೂ ಗುಣಿಸುವುದು. ಸಣ್ಣ ಘಟಕಗಳಿಗೆ ಇದು ಅನಗತ್ಯ ಕಸರತ್ತು ಎಂಬುದು ನನ್ನ ಅಭಿಪ್ರಾಯ. ‘ಇಪ್ಪತ್ತು ವರ್ಷದಿಂದ ಏನೂ ಆಗಿಲ್ಲ’ ಎಂದು ಸಾಧ್ಯತೆಗೆ 1 ಹಾಕಿಬಿಟ್ಟರೆ ಕೈ ಕತ್ತರಿಸುವ ಯಂತ್ರವೂ ಕಡಿಮೆ ಅಪಾಯದ ಹಸಿರು ಚೌಕಕ್ಕೆ ಬಂದು ಕೂರುತ್ತದೆ. ಮೂರೇ ಗುಂಪು ಮಾಡಿ: ಜೀವ ಅಥವಾ ಅಂಗ ಹೋಗಬಹುದಾದದ್ದು, ರಜೆ ಹಾಕಬೇಕಾದಷ್ಟು ಪೆಟ್ಟಾಗಬಹುದಾದದ್ದು, ಉಳಿದದ್ದು. ಮೊದಲನೆಯ ಗುಂಪಿಗೆ ಸಾಧ್ಯತೆಯ ಲೆಕ್ಕವೇ ಬೇಡ, ಅದನ್ನು ಸರಿಪಡಿಸಲೇಬೇಕು.

ಹಂತ 4: ಅಪಾಯವನ್ನು ಮೂಲದಲ್ಲಿ ತಡೆಯಿರಿ

ಇಡೀ ವ್ಯವಸ್ಥೆಯ ಜೀವಾಳ ಇಲ್ಲಿದೆ, ಆದ್ದರಿಂದ ಇದನ್ನು ತುಸು ವಿವರವಾಗಿ ಹೇಳುತ್ತೇನೆ. ನಿಯಂತ್ರಣಗಳಿಗೆ ಒಂದು ಏಣಿಯಿದೆ. ಮೇಲಿನ ಮೆಟ್ಟಿಲು ಅಪಾಯವನ್ನೇ ತೆಗೆದುಹಾಕುವುದು. ಅದಾಗದಿದ್ದರೆ ಕಡಿಮೆ ಅಪಾಯದ್ದನ್ನು ಬದಲಿಗೆ ತರುವುದು. ಆಮೇಲೆ ಗಾರ್ಡ್, ಗಾಳಿ ಹೀರುವ ಕೊಳವೆಯಂತಹ ಯಾಂತ್ರಿಕ ತಡೆಗಳು. ಆಮೇಲೆ ನಿಯಮ, ಪಾಳಿ, ಫಲಕಗಳಂತಹ ಆಡಳಿತ ಕ್ರಮಗಳು. ಎಲ್ಲಕ್ಕಿಂತ ಕೆಳಗೆ ಹೆಲ್ಮೆಟ್, ಗ್ಲೌಸ್, ಇಯರ್ ಪ್ಲಗ್‌ಗಳಂತಹ ಸ್ವರಕ್ಷಣಾ ಸಾಧನಗಳು. ನಮ್ಮಲ್ಲಿ ಹೆಚ್ಚಿನವರು ಈ ಏಣಿಯನ್ನು ಕೆಳಗಿನಿಂದ ಹತ್ತುತ್ತಾರೆ: ಅಂಗಡಿಯಿಂದ ಒಂದು ಡಜನ್ ಗ್ಲೌಸ್ ತಂದು ಹಂಚಿ ಕೆಲಸ ಮುಗಿಯಿತೆನ್ನುತ್ತಾರೆ. ಪ್ರೆಸ್ಸಿನ ಡೈ ಕೆಳಗೆ ಗ್ಲೌಸ್ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಡ್ರಿಲ್ಲಿಂಗ್ ಯಂತ್ರದಲ್ಲಂತೂ ಬಟ್ಟೆಯ ಗ್ಲೌಸ್ ತಿರುಗುವ ಬಿಟ್‌ಗೆ ಸಿಕ್ಕಿ ಕೈಯನ್ನೇ ಎಳೆದುಕೊಳ್ಳುತ್ತದೆ, ಅಲ್ಲಿ ಅದನ್ನು ನಿಷೇಧಿಸಬೇಕು.

ಪ್ರೆಸ್ಸಿಗೆ ಬರೋಣ. ನಿಮ್ಮ ಪ್ರೆಸ್ಸಿನ ಕ್ಲಚ್, ಎಂದರೆ ತಿರುಗುವ ಫ್ಲೈವೀಲನ್ನು ಡೈ ಇಳಿಸುವ ಭಾಗಕ್ಕೆ ಜೋಡಿಸುವ ಸಾಧನ, ಯಾವ ಬಗೆಯದು ಎಂದು ಮೊದಲು ನೋಡಿ. ಹಳೆಯ ಯಂತ್ರಗಳಲ್ಲಿ ಇರುವುದು ಪಿನ್ ಕ್ಲಚ್ ಅಥವಾ ಕೀ ಕ್ಲಚ್. ಒಮ್ಮೆ ಪಿನ್ ಕೂತಿತೆಂದರೆ ರ್‍ಯಾಮ್, ಎಂದರೆ ಮೇಲಿನ ಡೈ ಹಿಡಿದು ಇಳಿಯುವ ಭಾಗ, ಒಂದು ಪೂರ್ಣ ಸುತ್ತು ಮುಗಿಸಿಯೇ ನಿಲ್ಲುತ್ತದೆ, ನಡುವೆ ಯಾವ ಬಟನ್ ಒತ್ತಿದರೂ ನಿಲ್ಲುವುದಿಲ್ಲ. ಪಿನ್ ಅಥವಾ ಅದರ ಸ್ಪ್ರಿಂಗ್ ಸವೆದಿದ್ದರೆ ಒಮ್ಮೆ ಒತ್ತಿದ್ದಕ್ಕೆ ಎರಡು ಸ್ಟ್ರೋಕ್ ಬೀಳುತ್ತದೆ, ಶಾಪ್‌ನವರು ‘ಡಬಲ್ ಹೊಡೀತು’ ಎನ್ನುವುದು ಇದನ್ನೇ. ಮೊದಲ ಸ್ಟ್ರೋಕ್ ಮುಗಿಯಿತೆಂದು ಕೈ ಹಾಕಿದವನ ಮೇಲೆ ಎರಡನೆಯದು ಬೀಳುತ್ತದೆ. ಹೊಸ ಯಂತ್ರಗಳಲ್ಲಿ ಗಾಳಿಯ ಒತ್ತಡದಿಂದ ನಡೆಯುವ ಘರ್ಷಣೆ ಕ್ಲಚ್ ಮತ್ತು ಬ್ರೇಕ್ ಇರುತ್ತವೆ. ಅದನ್ನು ಇಳಿತದ ನಡುವೆಯೂ ನಿಲ್ಲಿಸಬಹುದು.

ಈ ವ್ಯತ್ಯಾಸ ಗೊತ್ತಿಲ್ಲದೆ ಖರ್ಚು ಮಾಡಿದವರು ಅನೇಕರಿದ್ದಾರೆ. ಬೆಳಕಿನ ಪರದೆ, ಎಂದರೆ ಕೈ ಅಡ್ಡ ಬಂದೊಡನೆ ಯಂತ್ರಕ್ಕೆ ನಿಲ್ಲುವಂತೆ ಸಂಕೇತ ಕೊಡುವ ‘ಲೈಟ್ ಕರ್ಟನ್’, ನಡುವೆ ನಿಲ್ಲಬಲ್ಲ ಯಂತ್ರಕ್ಕೆ ಮಾತ್ರ ಉಪಯೋಗ. ಪಿನ್ ಕ್ಲಚ್ ಪ್ರೆಸ್ಸಿಗೆ ಅದನ್ನು ಹಾಕಿಸಿದರೆ ಕೆಂಪು ದೀಪ ಉರಿಯುತ್ತದೆ, ಡೈ ಇಳಿಯುತ್ತಲೇ ಇರುತ್ತದೆ. ಪಿನ್ ಕ್ಲಚ್ ಯಂತ್ರಕ್ಕೆ ಸರಿಯಾದ ಉಪಾಯವೆಂದರೆ ಸ್ಥಿರ ಗಾರ್ಡ್: ತಗಡು ಮಾತ್ರ ನುಸುಳುವಷ್ಟು, ಬೆರಳು ಡೈಯನ್ನು ಮುಟ್ಟದಷ್ಟು ಸಣ್ಣ ಕಿಂಡಿಯುಳ್ಳ, ಉಪಕರಣವಿಲ್ಲದೆ ಬಿಚ್ಚಲಾಗದಂತೆ ಬೋಲ್ಟ್ ಹಾಕಿ ಬಿಗಿದ ಕವಚ. ಇಲ್ಲವೇ ಡೈಯನ್ನೇ ಮುಚ್ಚಿದ ಬಗೆಯದಾಗಿ ಮಾಡಿಸುವುದು, ತುಂಡನ್ನು ಜಾರುದಾರಿಯ ಮೂಲಕ ಒಳಗೆ ಕಳಿಸುವುದು. ಹಾಗೆ ಮಾಡಿದಾಗ ಕೈ ಒಳಗೆ ಹೋಗುವ ಅಗತ್ಯವೇ ಇಲ್ಲವಾಗುತ್ತದೆ, ಏಣಿಯ ಮೇಲಿನ ಮೆಟ್ಟಿಲೆಂದರೆ ಇದೇ. ಉದ್ದ ಹಿಡಿಯ ಇಕ್ಕಳ, ಅಯಸ್ಕಾಂತದ ಕಡ್ಡಿ ಕೊಡುವುದು ಒಳ್ಳೆಯದೇ, ಆದರೆ ಅವು ಗಾರ್ಡ್‌ನ ಜೊತೆಗಿರಬೇಕೇ ಹೊರತು ಗಾರ್ಡ್‌ಗೆ ಬದಲಿಯಲ್ಲ.

ನಡುವೆ ನಿಲ್ಲಬಲ್ಲ ಯಂತ್ರಕ್ಕೆ ಬೆಳಕಿನ ಪರದೆ ಹಾಕುವುದಾದರೆ ದೂರದ ಲೆಕ್ಕ ತಪ್ಪಬಾರದು. ಮನುಷ್ಯನ ಕೈಯ ವೇಗವನ್ನು ಸೆಕೆಂಡಿಗೆ 1,600 ಮಿಲಿಮೀಟರ್ ಎಂದು ಹಿಡಿಯುವ ರೂಢಿಯಿದೆ. ಸಂಕೇತ ಸಿಕ್ಕಿದ ಮೇಲೆ ಯಂತ್ರ ಪೂರ್ತಿ ನಿಲ್ಲಲು ಕಾಲು ಸೆಕೆಂಡ್ ಬೇಕಾದರೆ ಅಷ್ಟರಲ್ಲಿ ಕೈ 400 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಪರದೆ ಕನಿಷ್ಠ ಅಷ್ಟು ದೂರದಲ್ಲಿರಬೇಕು, ಪರದೆಯ ಕಿರಣಗಳ ನಡುವಿನ ಅಂತರಕ್ಕೆ ತಕ್ಕಂತೆ ಇನ್ನಷ್ಟು ದೂರ ಕೂಡಿಸಬೇಕು. ಬ್ರೇಕ್ ಸವೆದಂತೆಲ್ಲ ನಿಲ್ಲುವ ಸಮಯ ಹೆಚ್ಚುತ್ತದೆ, ಆದ್ದರಿಂದ ಅಳವಡಿಸಿದ ದಿನದ ಲೆಕ್ಕವನ್ನೇ ನೆಚ್ಚದೆ ಆಗಾಗ ಅಳೆಯಿಸಬೇಕು.

ಎರಡು ಕೈ ಬಟನ್ ಇನ್ನೊಂದು ಉಪಾಯ. ಎರಡೂ ಕೈ ಬಟನ್ ಮೇಲಿದ್ದರೆ ಡೈ ಒಳಗೆ ಇರಲಾರವು. ಆದರೆ ಒಂದು ಬಟನ್ನಿಗೆ ರಬ್ಬರ್ ಬ್ಯಾಂಡ್ ಸುತ್ತಿಯೋ, ಕಡ್ಡಿ ಸಿಗಿಸಿಯೋ ಒತ್ತಿಟ್ಟು ಒಂದೇ ಕೈಯಲ್ಲಿ ಯಂತ್ರ ನಡೆಸುವುದು ಸಾಮಾನ್ಯ. ಎರಡೂ ಬಟನ್‌ಗಳನ್ನು ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಿದರೆ ಮಾತ್ರ ನಡೆಯುವ, ಪ್ರತಿ ಸ್ಟ್ರೋಕಿಗೂ ಎರಡನ್ನೂ ಬಿಟ್ಟು ಒತ್ತಲೇಬೇಕಾದ ಸರ್ಕ್ಯೂಟ್ ಹಾಕಿಸಿ. ಅದಕ್ಕೂ ಮೊದಲು ರಬ್ಬರ್ ಬ್ಯಾಂಡ್ ಯಾಕೆ ಬಂತು ಎಂದು ಕೇಳಿ. ದಿನಕ್ಕೆ ನಾಲ್ಕು ಸಾವಿರ ತುಂಡು ಆಗಲೇಬೇಕು, ಕೂಲಿ ತುಂಡಿನ ಲೆಕ್ಕದಲ್ಲಿ ಎಂದು ನೀವೇ ನಿಗದಿ ಮಾಡಿದ್ದರೆ, ಗಾರ್ಡ್ ಬಿಚ್ಚಿಸಿದವರು ಒಂದರ್ಥದಲ್ಲಿ ನೀವೇ. ಗಾರ್ಡ್ ಹಾಕಿದ ಮೇಲೆ ನಿಜವಾಗಿ ಎಷ್ಟು ತುಂಡು ಆಗುತ್ತದೆ ಎಂದು ಒಂದು ವಾರ ನೋಡಿ ಟಾರ್ಗೆಟ್ಟನ್ನು ತಿದ್ದಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಪೆಡಲ್‌ಗೆ ಮೇಲೂ ಪಕ್ಕಗಳಿಗೂ ಮುಚ್ಚಳ ಹಾಕಿಸಿ. ಥಿನ್ನರ್ ಬದಲು ನೀರಿನಲ್ಲಿ ಕಲಸುವ ಜಿಡ್ಡುನಾಶಕ ಸಿಗುತ್ತದೆ. ಚೈನ್ ಪುಲ್ಲಿ, ಕ್ರೇನ್‌ಗಳನ್ನು ಕನಿಷ್ಠ 12 ತಿಂಗಳಿಗೊಮ್ಮೆ ‘ಸಕ್ಷಮ ವ್ಯಕ್ತಿ’ಯಿಂದ, ಎಂದರೆ ಅಂತಹ ತಪಾಸಣೆಗೆ ಇಲಾಖೆಯಿಂದ ಮಾನ್ಯತೆ ಪಡೆದವರಿಂದ ಪರೀಕ್ಷೆ ಮಾಡಿಸಿ. ಸಡಿಲ ಅಂಗಿ, ದುಪಟ್ಟಾ, ಸೆರಗು ತಿರುಗುವ ಭಾಗಗಳಿಗೆ ಸಿಗದಂತೆ ಮೇಲಂಗಿ ಕೊಡಿ, ಅದನ್ನು ಹಾಕಿಕೊಳ್ಳಲು ಒಂದು ಬಾಗಿಲಿರುವ ಕೋಣೆಯನ್ನೂ ಕೊಡಿ.

ಹಂತ 5: ದುರಸ್ತಿಗೆ ಬೀಗ, ವಿಶೇಷ ಕೆಲಸಕ್ಕೆ ಅನುಮತಿ

ಒಬ್ಬರು ಯಂತ್ರದೊಳಗೆ ಕೈಯಿಟ್ಟಿರುವಾಗ ಇನ್ನೊಬ್ಬರು ಸ್ವಿಚ್ ಹಾಕಿಬಿಡುವುದನ್ನು ತಡೆಯುವ ಕ್ರಮವೇ ‘ಲಾಕ್ಔಟ್-ಟ್ಯಾಗ್ಔಟ್’, ಎಂದರೆ ಮೈನ್ ಸ್ವಿಚ್ಚನ್ನು ಬಂದ್ ಸ್ಥಿತಿಯಲ್ಲಿ ಬೀಗ ಹಾಕಿ ಹೆಸರಿನ ಚೀಟಿ ತೂಗಿಸುವುದು. ಪ್ರೆಸ್ಸಿನಲ್ಲಿ ಡೈ ಬದಲಾಯಿಸುವಾಗ ಅದರ ಕ್ರಮ ಹೀಗಿರಲಿ: ಮೋಟಾರ್ ಬಂದ್ ಮಾಡಿ, ಫ್ಲೈವೀಲ್ ಪೂರ್ತಿ ನಿಲ್ಲುವವರೆಗೆ ಕಾಯಿರಿ, ಮೈನ್ ಸ್ವಿಚ್ಚಿಗೆ ನಿಮ್ಮ ಬೀಗ ಹಾಕಿ, ಗಾಳಿಯ ಸಂಪರ್ಕವಿದ್ದರೆ ವಾಲ್ವ್ ಮುಚ್ಚಿ ಒಳಗಿನ ಒತ್ತಡ ಬಿಡಿ, ಪೆಡಲ್ ಒತ್ತಿ ಏನೂ ಚಲಿಸುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ, ರ್‍ಯಾಮ್ ಕೆಳಗೆ ಅದು ಇಳಿಯದಂತೆ ತಡೆಯುವ ಗಟ್ಟಿ ಆಸರೆ, ಎಂದರೆ ಸೇಫ್ಟಿ ಬ್ಲಾಕ್ ಇಡಿ, ಆಮೇಲೆ ಕೈ ಹಾಕಿ.

ಇಲ್ಲಿ ಹೆಚ್ಚಾಗಿ ಮರೆಯುವುದು ಎರಡನೆಯ ಹೆಜ್ಜೆಯನ್ನು. ಮೋಟಾರ್ ನಿಂತ ಮೇಲೂ ಫ್ಲೈವೀಲ್ ತಿರುಗುತ್ತಿರುತ್ತದೆ, ಆ ಹೊತ್ತಿನಲ್ಲಿ ಕಾಲು ಪೆಡಲ್‌ಗೆ ತಾಗಿದರೆ ಕರೆಂಟ್ ಇಲ್ಲದೆಯೂ ಪೂರ್ಣ ಬಲದ ಸ್ಟ್ರೋಕ್ ಬೀಳುತ್ತದೆ. ಇನ್ನೊಂದು ತಪ್ಪು, ಎಲ್ಲ ಬೀಗಗಳ ಕೀಲಿ ಸೂಪರ್‌ವೈಸರ್ ಡ್ರಾಯರಿನಲ್ಲಿ ಇರುವುದು. ಒಬ್ಬನಿಗೆ ಒಂದು ಬೀಗ, ಒಂದೇ ಕೀಲಿ, ಅದು ಕೆಲಸ ಮಾಡುವವನ ಜೇಬಿನಲ್ಲಿಯೇ ಇರಬೇಕು.

‘ಕೆಲಸದ ಅನುಮತಿ ಪತ್ರ’ ಎಂಬುದು ದಿನನಿತ್ಯದ್ದಲ್ಲದ ಅಪಾಯದ ಕೆಲಸಕ್ಕೆ, ಎಲ್ಲ ಮುನ್ನೆಚ್ಚರಿಕೆಗಳನ್ನು ಸ್ಥಳದಲ್ಲಿಯೇ ನೋಡಿ ಸಹಿ ಮಾಡಿ ಕೊಡುವ ಚೀಟಿ. ಸಣ್ಣ ಘಟಕಕ್ಕೆ ಮೂರು ಬಗೆ ಸಾಕು. ವೆಲ್ಡಿಂಗ್‌ನಂತಹ ಬೆಂಕಿ ಕೆಲಸ ಮೊದಲನೆಯದು. ಥಿನ್ನರ್ ಇದ್ದ ಡ್ರಮ್ ಖಾಲಿಯಾಗಿ ಕಂಡರೂ ಒಳಗಿನ ಆವಿ ಸಿಡಿಯುತ್ತದೆ, ಅದನ್ನು ಕತ್ತರಿಸಲು ಬಿಡಲೇಬೇಡಿ. ಎರಡನೆಯದು ಎತ್ತರದ ಕೆಲಸ. ಮಳೆಗಾಲಕ್ಕೆ ಮುನ್ನ ಛಾವಣಿಯ ನೀರು ಹರಿಯುವ ದೋಣಿ ಸ್ವಚ್ಛ ಮಾಡಲು, ಸೋರುವ ಕಡೆ ಟಾರು ಬಳಿಯಲು ಸಿಮೆಂಟ್ ಶೀಟ್ ಮೇಲೆ ಹತ್ತಿದವರು ಶೀಟ್ ಒಡೆದು ನೇರವಾಗಿ ಯಂತ್ರಗಳ ಮೇಲೆ ಬೀಳುತ್ತಾರೆ. ಶೀಟ್ ಮೇಲೆ ಕಾಲಿಡದಂತೆ ಹಲಗೆ ಹಾಸಬೇಕು, ಇಡೀ ಮೈಗೆ ತೊಡಿಸುವ ಹಾರ್ನೆಸ್ ಗಟ್ಟಿ ಆಧಾರಕ್ಕೆ ಕಟ್ಟಿರಬೇಕು. ಮೂರನೆಯದು ಸಂಪು, ಟ್ಯಾಂಕು, ಗುಂಡಿಗಳ ಒಳಗಿನ ಕೆಲಸ. ಒಳಗಿನ ಗಾಳಿಯನ್ನು ಉಪಕರಣದಿಂದ ಪರೀಕ್ಷಿಸದೆ ಯಾರೂ ಇಳಿಯಕೂಡದು. ಒಬ್ಬ ಕುಸಿದು ಬಿದ್ದನೆಂದು ಅವನನ್ನು ಎತ್ತಲು ಇನ್ನೊಬ್ಬ, ಮತ್ತೊಬ್ಬ ಇಳಿದು ಎಲ್ಲರೂ ಸಾಯುವುದು ಇಂತಹ ದುರಂತಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಶೌಚದ ಗುಂಡಿಯನ್ನಂತೂ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರಿಂದ ಸ್ವಚ್ಛ ಮಾಡಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯಡಿ ಅಪರಾಧ, ಯಂತ್ರ ತರಿಸಿ.

ಹಂತ 6: ತರಬೇತಿ

ಹೊಸಬರನ್ನು ಮೊದಲ ದಿನವೇ ಯಂತ್ರಕ್ಕೆ ಹಚ್ಚಬೇಡಿ. ತರಬೇತಿಯೆಂದರೆ ಪ್ರೊಜೆಕ್ಟರ್ ಮುಂದೆ ಕೂರಿಸಿ ಹಾಜರಿ ಸಹಿ ಹಾಕಿಸುವುದೂ ಅಲ್ಲ. ಆಪರೇಟರ್ ಮಾಡಿ ತೋರಿಸಲಿ, ಹೊಸಬ ಮಾಡಲಿ, ಆಮೇಲೆ ಹೊಸಬನೇ ಬಾಯಿಬಿಟ್ಟು ಹೇಳಲಿ: ಈ ಯಂತ್ರ ಎಲ್ಲಿ ಕೈ ಹಿಡಿಯುತ್ತದೆ, ಹೇಗೆ ನಿಲ್ಲಿಸುವುದು, ಅಂಟಿದ ತುಂಡನ್ನು ಹೇಗೆ ತೆಗೆಯುವುದು. ಅವನು ಹೇಳಲಾರದಿದ್ದರೆ ತರಬೇತಿ ಮುಗಿದಿಲ್ಲ. ಪಾಳಿ ಆರಂಭದಲ್ಲಿ ಐದು ನಿಮಿಷದ ಮಾತು ಸಾಕು, ಒಂದು ದಿನಕ್ಕೆ ಒಂದೇ ವಿಷಯ. ಡೈ ಸೆಟ್ ಮಾಡುವವರು, ವೆಲ್ಡರ್, ಫೋರ್ಕ್‌ಲಿಫ್ಟ್ ಓಡಿಸುವವರು, ಎಲೆಕ್ಟ್ರಿಷಿಯನ್ ಇವರಿಗೆ ಪ್ರತ್ಯೇಕ ತರಬೇತಿಯೂ ‘ಈ ಕೆಲಸ ಇವರೇ ಮಾಡತಕ್ಕದ್ದು’ ಎಂಬ ಲಿಖಿತ ಪಟ್ಟಿಯೂ ಇರಬೇಕು.

ಹಂತ 7: ಗುತ್ತಿಗೆಯವರು ಮತ್ತು ಹೊರಗಿನವರು

ಲೇಬರ್ ಕಾಂಟ್ರಾಕ್ಟರ್ ಕಳಿಸಿದ ಹುಡುಗನಿಗೂ ನಿಮ್ಮ ನೆಲದ ಮೇಲೆ ನಿಮ್ಮದೇ ನಿಯಮ, ನಿಮ್ಮದೇ ರಕ್ಷಣೆ. ಮೇಲೆ ಹೇಳಿದ ಛಾವಣಿ, ಸಂಪು, ವೆಲ್ಡಿಂಗ್ ಕೆಲಸಗಳಿಗೆ ಬರುವವರು ಹೆಚ್ಚಾಗಿ ಹೊರಗಿನವರೇ ಎಂಬುದನ್ನು ನೆನಪಿಡಿ. ಕೆಲಸದ ದರದ ಜೊತೆಯಲ್ಲಿಯೇ ಹಾರ್ನೆಸ್, ಹಲಗೆಗಳ ಖರ್ಚು ಯಾರದು ಎಂಬುದನ್ನೂ ಮಾತಾಡಿಕೊಳ್ಳಿ. ಆಮೇಲೆ ಮಾತಾಡಿದರೆ ಅದು ಯಾರದೂ ಆಗುವುದಿಲ್ಲ.

ಹಂತ 8: ತುರ್ತು ಸಿದ್ಧತೆ

ರಾತ್ರಿ ಪಾಳಿಯಲ್ಲಿ ಶಟರ್‌ಗೆ ಹೊರಗಿನಿಂದ ಬೀಗ ಹಾಕುವ ಪದ್ಧತಿ ಇದ್ದರೆ ಈ ಲೇಖನ ಓದಿ ಮುಗಿಸುವ ಮುನ್ನ ನಿಲ್ಲಿಸಿ. ಒಳಗೆ ಜನರಿರುವಾಗ ಪ್ರತಿ ಹೊರದಾರಿಯೂ ಕೀಲಿಯಿಲ್ಲದೆ ಒಳಗಿನಿಂದ ತೆರೆಯುವಂತಿರಬೇಕು. ವಿದ್ಯುತ್ ಪ್ಯಾನೆಲ್ ಬಳಿ ಕಾರ್ಬನ್ ಡೈಆಕ್ಸೈಡ್ ನಂದಕ, ಉಳಿದ ಕಡೆ ಎಬಿಸಿ ಪುಡಿಯ ನಂದಕ ಇರಿಸಿ, ಅವುಗಳ ಮುಂದೆ ಸರಕು ಪೇರಿಸದಂತೆ ನೆಲಕ್ಕೆ ಹಳದಿ ಗೆರೆ ಎಳೆಯಿರಿ. ವರ್ಷಕ್ಕೆ ಎರಡು ಸಲವಾದರೂ ಅಣಕು ಅಭ್ಯಾಸ ಮಾಡಿ, ಒಂದು ಸಲ ರಾತ್ರಿ ಪಾಳಿಯಲ್ಲಿಯೇ ಆಗಲಿ. 108, 101, 112 ಸಂಖ್ಯೆಗಳ ಜೊತೆಗೆ ಹತ್ತಿರದ ಇಎಸ್ಐ ಆಸ್ಪತ್ರೆಯ ಮತ್ತು ಕೈ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಯ ಸಂಖ್ಯೆಗಳನ್ನು ಗೋಡೆಗೆ ಬರೆಸಿ. ಎರಡನೆಯದನ್ನು ಅಪಘಾತವಾದ ಮೇಲೆ ಹುಡುಕಲು ಸಮಯವಿರುವುದಿಲ್ಲ.

ಪ್ರೆಸ್ ಶಾಪಿನಲ್ಲಿ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ಒಂದು ಪ್ರಥಮ ಚಿಕಿತ್ಸೆಯಿದೆ. ಬೆರಳು ತುಂಡಾದರೆ ಮೊದಲು ಗಾಯವನ್ನು ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆತ್ತಿಸಿ. ತುಂಡಾದ ಭಾಗವನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿ ಇಟ್ಟು ರೋಗಿಯ ಜೊತೆಯಲ್ಲಿಯೇ ಕಳಿಸಿ. ಮಂಜುಗಡ್ಡೆಯ ಮೇಲೆ ನೇರವಾಗಿ ಇಡಬಾರದು, ಅಂಗಾಂಶ ಹೆಪ್ಪುಗಟ್ಟಿ ಮರುಜೋಡಣೆ ಕಷ್ಟವಾಗುತ್ತದೆ. ಅರಿಶಿನ, ಕಾಫಿಪುಡಿ ಮೆತ್ತುವುದನ್ನು ಕಟ್ಟುನಿಟ್ಟಾಗಿ ತಡೆಯಿರಿ.

ಹಂತ 9: ವರದಿ ಮತ್ತು ತನಿಖೆ

ಸಾವು ಸಂಭವಿಸಿದರೆ, ಅಥವಾ ಗಾಯಾಳು 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಲಸಕ್ಕೆ ಬರಲಾಗದಷ್ಟು ಪೆಟ್ಟಾದರೆ ಇಲಾಖೆಗೆ ಸೂಚನೆ ಕೊಡುವುದು ಕಡ್ಡಾಯ. ಇಎಸ್ಐ ವ್ಯಾಪ್ತಿಯಲ್ಲಿರುವವರಿಗೆ ಅಪಘಾತ ವರದಿಯನ್ನು ನಿಗಮಕ್ಕೂ ಸಲ್ಲಿಸಬೇಕು. ‘ಮನೆಯಲ್ಲಿ ಬಿದ್ದೆ ಎಂದು ಹೇಳು, ಖರ್ಚು ನಾವು ನೋಡಿಕೊಳ್ಳುತ್ತೇವೆ’ ಎಂಬ ಒಪ್ಪಂದ ಕಾನೂನಿನ ಉಲ್ಲಂಘನೆಯಷ್ಟೇ ಅಲ್ಲ, ಆ ಕೆಲಸಗಾರನಿಗೆ ಶಾಶ್ವತ ಅಂಗವೈಕಲ್ಯಕ್ಕೆ ಸಿಗಬೇಕಾದ ಸೌಲಭ್ಯವನ್ನು ಜೀವನಪೂರ್ತಿ ಕಸಿದಂತೆ.

ತನಿಖೆಯಲ್ಲಿ ‘ಕಾರಣ: ಕಾರ್ಮಿಕನ ಅಜಾಗರೂಕತೆ’ ಎಂದು ಬರೆದು ಮುಗಿಸುವುದು ನಮ್ಮ ಅತಿ ದೊಡ್ಡ ರೋಗ. ಇನ್ನೂ ನಾಲ್ಕು ಸಲ ‘ಯಾಕೆ’ ಎಂದು ಕೇಳಿ. ಕೈ ಯಾಕೆ ಒಳಗಿತ್ತು? ತುಂಡು ಅಂಟಿತ್ತು. ಯಾಕೆ ಅಂಟಿತು? ಡೈಯಿಂದ ತುಂಡನ್ನು ಹೊರತಳ್ಳುವ ಎಜೆಕ್ಟರ್ ಸ್ಪ್ರಿಂಗ್ ಮುರಿದಿತ್ತು. ಯಾಕೆ ಬದಲಾಯಿಸಲಿಲ್ಲ? ಹೇಳಿದ್ದರು, ಸಾಮಾನು ಬಂದಿರಲಿಲ್ಲ. ಯಾಕೆ ಬಂದಿರಲಿಲ್ಲ? ಖರೀದಿ ಚೀಟಿ ಹನ್ನೆರಡು ದಿನ ಮೇಜಿನ ಮೇಲಿತ್ತು. ಯಾರ ಮೇಜು ಎಂದು ಈಗ ಕೇಳಬಹುದು.

ಕೂದಲೆಳೆಯಲ್ಲಿ ತಪ್ಪಿದ ಘಟನೆಗಳನ್ನೂ ಬರೆಸಿ. ರಿಜಿಸ್ಟರ್ ಖಾಲಿಯಿದ್ದರೆ ಘಟನೆಗಳೇ ಇಲ್ಲವೆಂದು ತಿಳಿಯಬೇಡಿ, ಹೇಳಿದವನಿಗೆ ಹಿಂದೆ ಬೈಗುಳ ಸಿಕ್ಕಿರಬಹುದು. ಹೆಸರು ಬರೆಯುವ ಅಗತ್ಯವಿಲ್ಲದ ಒಂದು ಪೆಟ್ಟಿಗೆ ಇಡಿ, ಬರೆಯಲು ಬಾರದವರು ಸಮಿತಿಯ ಹೆಲ್ಪರ್‌ಗೆ ಬಾಯಲ್ಲಿ ಹೇಳಲಿ.

ಹಂತ 10: ಅಳೆಯಿರಿ, ತಿದ್ದಿ

ದೊಡ್ಡ ಕಂಪನಿಗಳು ‘ಅಪಘಾತ ಆವರ್ತನ ದರ’ ಎಂಬ ಲೆಕ್ಕ ಕೇಳುತ್ತವೆ: ಹತ್ತು ಲಕ್ಷ ದುಡಿಮೆಯ ಗಂಟೆಗಳಿಗೆ ರಜೆ ಹಾಕಿಸಿದ ಅಪಘಾತಗಳೆಷ್ಟು ಎಂಬುದು. ಇಪ್ಪತ್ತೈದು ಮಂದಿ, ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಎಂದರೆ 60,000 ಗಂಟೆ. ಒಂದೇ ಅಪಘಾತವಾದರೂ ದರ 16.7ಕ್ಕೆ ಜಿಗಿಯುತ್ತದೆ, ಆಗದಿದ್ದರೆ ಸೊನ್ನೆ. ಕೇಳಿದವರಿಗೆ ಲೆಕ್ಕ ಕೊಡಿ, ಆದರೆ ಈ ಸಂಖ್ಯೆ ನಿಮ್ಮಷ್ಟು ಸಣ್ಣ ಘಟಕದ ಸ್ಥಿತಿಯನ್ನು ಹೇಳಲಾರದು. ಅದರ ಬದಲು ಇವನ್ನು ಎಣಿಸಿ: ಈ ವಾರ ನೋಡಿದ ಪ್ರೆಸ್‌ಗಳಲ್ಲಿ ಎಷ್ಟಕ್ಕೆ ಗಾರ್ಡ್ ಸ್ಥಾನದಲ್ಲಿತ್ತು, ದೂರು ಬಂದ ಮೇಲೆ ಸರಿಪಡಿಸಲು ಎಷ್ಟು ದಿನ ಹಿಡಿಯಿತು, ಎಷ್ಟು ಡೈ ಬದಲಾವಣೆಗಳಲ್ಲಿ ಬೀಗ ಹಾಕಿದ್ದರು.

ವರ್ಷಕ್ಕೊಮ್ಮೆ ಆಂತರಿಕ ಲೆಕ್ಕಪರಿಶೋಧನೆ, ಎಂದರೆ ಹೇಳಿದ್ದು ನಡೆಯುತ್ತಿದೆಯೇ ಎಂಬ ತಪಾಸಣೆ ನಡೆಸಿ. ಭಾರತೀಯ ಮಾನಕ ಬ್ಯೂರೋದ ಐಎಸ್ 14489 ಇದಕ್ಕೆ ಒಳ್ಳೆಯ ಮಾದರಿ. ನಿಮ್ಮ ಸೂಪರ್‌ವೈಸರ್ ತನ್ನದೇ ವಿಭಾಗವನ್ನು ತಾನೇ ಪರಿಶೀಲಿಸುವುದು ಬೇಡ, ಪಕ್ಕದ ಘಟಕದವರನ್ನು ಕರೆದು ನೀವು ಅವರಲ್ಲಿಗೆ ಹೋಗುವ ಏರ್ಪಾಡು ಮಾಡಿಕೊಂಡರೆ ಖರ್ಚಿಲ್ಲದೆ ಆಗುತ್ತದೆ. ಕಂಡ ಕೊರತೆಗಳನ್ನು ಮಾಲೀಕರೇ ಕೂತು ಓದಬೇಕು. ಪ್ರತಿಯೊಂದರ ಮುಂದೆ ಒಬ್ಬರ ಹೆಸರು, ಒಂದು ತಾರೀಖು, ಒಂದು ಮೊತ್ತ ಬರೆದು ಆ ಹಾಳೆಯನ್ನು ಹಾಜರಿ ಪುಸ್ತಕದ ಪಕ್ಕದಲ್ಲಿ ಅಂಟಿಸಿ. ಮುಂದಿನ ತಿಂಗಳ ಸಮಿತಿ ಸಭೆ ಆ ಹಾಳೆಯ ಮೊದಲ ಸಾಲಿನಿಂದ ಆರಂಭವಾಗಲಿ.